ಸತ್ತವಳು ಕಳಿಸಿದ ನೋಟಿಸು

ವಾಚಕ ಮಹಾಶಯರೇ,

ಸಭ್ಯ ಗೃಹಸ್ಥರನ್ನು ಯಾವ ಪೀಠಿಕೆಯೂ ಇಲ್ಲದೆ ಶವಪೆಟ್ಟಿಗೆಗಳ ನಡುವೆ ತಂದು ನಿಲ್ಲಿಸುವುದು ಶಿಷ್ಟಾಚಾರಕ್ಕೆ ಒಪ್ಪುವಂಥದ್ದಲ್ಲವೆಂಬುದನ್ನು ಈ ನಿರೂಪಕನು ಬಲ್ಲನು. ಆದರೂ ಕಾಲವು ಮೀರುತ್ತಿರುವುದರಿಂದ ಹಾಗೆಯೇ ಮಾಡಬೇಕಾಗಿ ಬಂದಿದೆ, ತಾವು ಕ್ಷಮಿಸತಕ್ಕದ್ದು. ವಿಯೆನ್ನಾದ ವಕೀಲರು ತಮ್ಮ ಕಕ್ಷಿದಾರಳನ್ನು ಒಮ್ಮೆಯೂ ಕಣ್ಣಾರೆ ಕಂಡಿಲ್ಲವೆಂದು ಹಿಂದಿನ ವಾರದ ಕಂತಿನಲ್ಲಿ ಒಪ್ಪಿಕೊಂಡ ಸಂಗತಿಯೊಂದು ತಮ್ಮ ನೆನಪಿನಲ್ಲಿದ್ದರೆ ಸಾಕು. ಮಿಕ್ಕದ್ದು ತಾನಾಗಿ ತಿಳಿಯುವುದು.

“ಇನ್ನೊಂದ್ಸಲ ಓದಿ,” ಎಂದರು ಕ್ರೆಸೆನ್ಸಿಯಾ ಪೊಲ್ಲಾವರ್.

ಗುರುವಾರ, ಬೆಳಗಿನ ಹತ್ತು ಗಂಟೆ. ಗಡಿಯಂಚಿನ ರೋರೆನ್‌ಶ್ಲಾಗ್ ಊರಿನ ಸತ್ತವರನ್ನೆಲ್ಲ ಮೂರು ತಲೆಮಾರುಗಳಿಂದ ಮಣ್ಣಿಗೆ ಸೇರಿಸುತ್ತ ಬಂದ ಮನೆತನದ ಕೊನೆಯ ಕುಡಿ ಆಕೆ. ವಯಸ್ಸು ಐವತ್ತೆಂಟು. ಓಕ್ ಮರದ ಪೆಟ್ಟಿಗೆಗಳು ಮಳಿಗೆಯ ಗೋಡೆಗೊರಗಿ ಸಾಲಾಗಿ ನಿಂತಿದ್ದವು. ಕಿಟಕಿಯಾಚೆ ನವೆಂಬರಿನ ಮಂಜು. ಮೀನು ಹಿಡಿಯುವುದಕ್ಕಾಗಿ ಊರ ಕೆರೆಗಳನ್ನು ಬರಿದು ಮಾಡಿದ್ದರು. ಬಯಲಾದ ಕೆಸರಿನ ವಾಸನೆಯು ಮುಚ್ಚಿದ ಬಾಗಿಲನ್ನೂ ದಾಟಿ ಒಳಗೆ ಬರುತ್ತಿತ್ತು.

ಆಕೆ ಕರೆಸಿಕೊಂಡ ಪತ್ತೇದಾರನಾದ ನಾನು ನೋಟಿಸನ್ನು ಮತ್ತೆ ಓದಿದೆನು.

“‘ನನ್ನ ಕಕ್ಷಿದಾರರಾದ ಶ್ರೀಮತಿ ನೊಟ್‌ಬುರ್ಗಾ ಐಬೆನ್‌ಸ್ಟೈನರ್ ಅವರು ಸೆಪ್ಟೆಂಬರ್ ಇಪ್ಪತ್ತೊಂದರಂದು ತಮ್ಮ ಜಾಲತಾಣಕ್ಕೆ ಭೇಟಿಯಿತ್ತರು. ತಾಣದ ಅಕ್ಷರವಿನ್ಯಾಸವನ್ನು ತಾವು ಪರದೇಶದ ಕಂಪನಿಯೊಂದರ ಯಂತ್ರದಿಂದ ತರಿಸಿಕೊಳ್ಳುತ್ತಿರುವ ಕಾರಣ, ಅವರ ಕಂಪ್ಯೂಟರಿನ ಗುರುತು ಸಂಖ್ಯೆಯು ಅವರ ಅನುಮತಿಯಿಲ್ಲದೆ ಸಾಗರದಾಚೆಗೆ ರವಾನೆಯಾಯಿತು. ತಮ್ಮ ಇರುವು ಅಪರಿಚಿತರಿಗೆ ತಿಳಿದುಹೋಯಿತೆಂಬ ಅರಿವಿನಿಂದ ನನ್ನ ಕಕ್ಷಿದಾರರು ತೀವ್ರ ಕಳವಳವನ್ನು ಅನುಭವಿಸಿದ್ದಾರೆ.’”

“ತಮ್ಮ ಇರುವು,” ಎಂದು ಆಕೆ ಮೆಲ್ಲಗೆ ಪುನರುಚ್ಚರಿಸಿದರು.

ಇಂಥ ನೋಟಿಸು ಊರಿನ ನಲವತ್ತಮೂರು ಮಂದಿಗೆ ಒಂದೇ ದಿನ ತಲಪಿತ್ತು. ರೊಟ್ಟಿ ಅಂಗಡಿ, ಗಸಗಸೆ ಗಿರಣಿ, ವಾದ್ಯವೃಂದ, ಹೊಗೆಗೂಡು ಗುಡಿಸುವವನು, ಹೀಗೆ ಜಾಲತಾಣವೆಂಬುದೊಂದನ್ನು ಇಟ್ಟುಕೊಂಡಿದ್ದ ಯಾರನ್ನೂ ಬಿಟ್ಟಿರಲಿಲ್ಲ. ಎಲ್ಲರಿಗೂ ಒಂದೇ ಒಕ್ಕಣೆ: ನೂರ ಎಂಬತ್ತು ಯೂರೋ ಪರಿಹಾರ ಕೊಡಿ, ಇಲ್ಲವೇ ನ್ಯಾಯಾಲಯಕ್ಕೆ ಬನ್ನಿ. ಜೊತೆಗೆ, ಕಕ್ಷಿದಾರಳ ಬಗ್ಗೆ ತಮ್ಮ ಬಳಿ ಏನೇನು ವಿವರವಿದೆಯೋ ಅದನ್ನೆಲ್ಲ ಒಂದು ತಿಂಗಳೊಳಗೆ ಆಕೆಗೆ ತಿಳಿಸಿ.

ಕ್ರೆಸೆನ್ಸಿಯಾರ ನೋಟಿಸಿನಲ್ಲಿ ಮಾತ್ರ ಒಂದು ಸಾಲು ಹೆಚ್ಚಿಗೆ ಇತ್ತು. ಕಕ್ಷಿದಾರಳು ಭೇಟಿಯಿತ್ತ ಪುಟ ಯಾವುದೆಂಬುದು.

ಆ ಪುಟ ನೊಟ್‌ಬುರ್ಗಾ ಐಬೆನ್‌ಸ್ಟೈನರಳ ಮರಣ ಪ್ರಕಟಣೆ. ಕಪ್ಪಂಚಿನ ನಡುವೆ ಅವಳ ಹೆಸರು, ಹುಟ್ಟಿದ ದಿನ, ಕಳೆದ ವರ್ಷದ ಮಾರ್ಚ್ ಹನ್ನೆರಡು ಎಂಬ ಕೊನೆಯ ದಿನ. ಕೆಳಗೆ ಯಾರೂ ಊದದಿದ್ದರೂ ಅಲುಗುತ್ತಲೇ ಇರುವ ಮೇಣದ ಬತ್ತಿಯ ಚಿತ್ರ. ಹಿಮ ಕರಗಿದಾಗ ದೊಡ್ಡಕೆರೆಯಲ್ಲಿ ತೇಲಿದ ಹೆಣವನ್ನು ಪೆಟ್ಟಿಗೆಗೆ ಇಳಿಸಿ, ಮುಚ್ಚಳಕ್ಕೆ ಮೊಳೆ ಹೊಡೆದವರು ಇದೇ ಕ್ರೆಸೆನ್ಸಿಯಾ.

“ಉಳಿದವರಿಗೆ ಸುಲಭ,” ಎಂದರು ಆಕೆ. “ಬೇಕಿದ್ರೆ ಕಟ್ತಾರೆ, ಬೇಡದಿದ್ರೆ ಜಗಳ ಆಡ್ತಾರೆ. ನಾನು ಕಟ್ಟಿದ್ರೆ ಏನರ್ಥ ಹೇಳಿ? ‘ಹೌದಮ್ಮ, ನೀನು ಬದುಕಿದೀಯ, ನಿನಗೆ ಕಳವಳ ಆಗಿದೆ, ನಿನ್ನ ಹೆಸರಲ್ಲಿ ಇನ್ನ್ಯಾರನ್ನೋ ಹೂತಿದೀನಿ’ ಅಂತ ನನ್ನ ಕೈಯಾರೆ ಬರ್ಕೊಟ್ಟ ಹಾಗೆ. ಕಟ್ಟೋ ಗಡುವು ನಾಳೆ ಮಧ್ಯಾಹ್ನ, ಅದು ದಾಟಿದ್ರೆ ಕೋರ್ಟಲ್ಲಿ ಅದೇ ಪ್ರಶ್ನೆ ಕೇಳ್ತಾರೆ. ಒಬ್ಬರನ್ನ ತಪ್ಪಾಗಿ ಹೂತವಳ ಹತ್ರ ಈ ಊರಲ್ಲಿ ಯಾರು ತಂದೆ ತಾಯೀನ ಕೊಡ್ತಾರೆ, ಲಾಂಪ್ರೆಖ್ಟ್ ಅವರೇ?”

“ಪೆಟ್ಟಿಗೆಯಲ್ಲಿ ಇದ್ದದ್ದು ನೊಟ್‌ಬುರ್ಗಾ ಅಂತ ನಿಮಗೆ ಖಾತ್ರಿ ತಾನೆ?”

“ಗುರುತು ಹಿಡಿದವಳೇ ನಾನು.”

ಅದು ನನ್ನ ಪ್ರಶ್ನೆಗೆ ಉತ್ತರವಲ್ಲವೆಂಬುದು ಆ ಕ್ಷಣಕ್ಕೆ ನನಗೆ ಹೊಳೆಯಲಿಲ್ಲ. ಆಕೆ ಮೇಜಿನ ಮೇಲಿದ್ದ ಅಧಿಕಾರಪತ್ರಕ್ಕೆ ರುಜು ಹಾಕಿ ನನ್ನ ಕಡೆಗೆ ತಳ್ಳಿದರು.

“ನನ್ನ ತಾಣಕ್ಕೆ ಯಾರು ಬಂದ್ರು, ಎಲ್ಲಿಂದ ಬಂದ್ರು ಅಂತ ನೋಡಿ. ಬಂದದ್ದು ಸತ್ತವಳಂತೂ ಅಲ್ಲ. ಅಷ್ಟು ಸಾಬೀತು ಮಾಡಿ ಸಾಕು.”

\*

ಹೋಟೆಲಿನ ಊಟದ ಮನೆಯಲ್ಲಿ ನನಗಾಗಿ ಕಾದಿದ್ದ ಸುದ್ದಿಯನ್ನು ಕೇಳಿ, ಕೈಯಲ್ಲಿದ್ದ ಫೋರ್ಕನ್ನು ಕೆಳಗಿಟ್ಟೆನು.

“ಅಳಿಸಿ ಹಾಕಿದ್ವಲ್ಲ!” ಎಂದಳು ಹೋಟೆಲಿನ ಒಡತಿ ರೊಮಾನಾ, ಹೆಮ್ಮೆಯಿಂದ.

“ಏನನ್ನ?”

“ಎಲ್ಲಾನೂ. ಯಾರು ಯಾವಾಗ ನಮ್ಮ ತಾಣಕ್ಕೆ ಬಂದ್ರು ಅನ್ನೋ ಪಟ್ಟೀನ. ನೋಟಿಸು ಬಂದ ಮಾರನೇ ದಿನಾನೇ ವರ್ತಕರ ಸಂಘದವರು ಇಲ್ಲೇ ಸಭೆ ಕರೆದ್ರು. ಕಾನೂನು ತಜ್ಞರು ಬಂದಿದ್ರು. ‘ಬೇರೆಯವರ ವಿವರ ಇಟ್ಕೊಂಡಿದ್ರೆ ಅದೂ ಒಂದು ಅಪರಾಧ, ಇವತ್ತೇ ಅಳಿಸಿ’ ಅಂದ್ರು. ನಲವತ್ತಮೂರು ಜನಾನೂ ಅಳಿಸಿ, ಅಳಿಸಿದ್ದೀವಿ ಅಂತ ಪುಸ್ತಕದಲ್ಲಿ ರುಜು ಹಾಕಿದ್ವಿ. ಸಾಲಾಗಿ ನಿಂತು!”

“ಸಾಕ್ಷಿ ಅಂತ ಇದ್ದದ್ದು ಅದೊಂದೇ ಅಲ್ವೇನಮ್ಮ? ಬಂದವರು ಯಾರು ಅನ್ನೋದು ಅದರಲ್ಲೇ ಇತ್ತು.”

ರೊಮಾನಾಳ ಮುಖ ಸಪ್ಪಗಾಯಿತು. ಪಕ್ಕದ ಮೇಜಿನಲ್ಲಿ, ಕಪ್ಪು ಬಟ್ಟೆಯ ಮೇಲೆ ಇನ್ನಷ್ಟು ಮಸಿ ಮೆತ್ತಿಕೊಂಡು ಕುಳಿತಿದ್ದ ಹಾರ್ಟ್‌ವಿಗ್ ಬಾಯಿ ಹಾಕಿದನು. ಊರಿನ ಹೊಗೆಗೂಡುಗಳನ್ನು ಗುಡಿಸುವವನು ಅವನೇ.

“ನಾನು ಅಳಿಸೋಕೆ ಮುಂಚೆ ನೋಡಿದ್ದೆ ಡಾಕ್ಟರೇ. ನನ್ನ ತಾಣಕ್ಕೆ ವರ್ಷಕ್ಕೆ ಮೂರೇ ಜನ ಬರೋದು. ಒಬ್ಬ ನಾನು, ಇನ್ನೊಬ್ಬಳು ನಮ್ಮತ್ತೆ. ಮೂರನೆಯವಳು ಸತ್ತೋಳು ಅಂತ ಈಗ ಗೊತ್ತಾಯ್ತು!”

“ನಾನು ಡಾಕ್ಟರಲ್ಲ.”

“ಗೊತ್ತು. ಕೋಟು ತೊಟ್ಟು ಬಂದೋರನ್ನೆಲ್ಲ ಇಲ್ಲಿ ಹಾಗೇ ಕರೆಯೋದು. ಕರೆದ್ರೆ ನಿಮ್ಮದೇನು ಸವೆಯುತ್ತೆ?”

“ಬಾಯಿ ಮುಚ್ಚೋ,” ಎಂದಳು ರೊಮಾನಾ. ಅವಳು ನಗಲಿಲ್ಲ. ಗಸಗಸೆ ಉದುರಿಸಿದ ಆಲೂಗಡ್ಡೆಯ ಶಾವಿಗೆಯನ್ನು ನನ್ನ ಮುಂದೆ ಇಟ್ಟು, ತಗ್ಗಿದ ದನಿಯಲ್ಲಿ ಹೇಳಿದಳು: “ತಮಾಷೆ ಅಲ್ಲ ಇದು. ನಾನು ಆ ನೋಟಿಸಿಗೆ ಹೆದರಿ ಹಣ ಕಟ್ಟಿದ್ದಲ್ಲ. ನೊಟ್‌ಬುರ್ಗಾ ಇಲ್ಲಿ ಹನ್ನೊಂದು ವರ್ಷ ಪಾತ್ರೆ ತೊಳೆದಿದಾಳೆ. ಒಂದಿನಾನೂ ಜೋರಾಗಿ ಮಾತಾಡಿದೋಳಲ್ಲ. ‘ತೀವ್ರ ಕಳವಳ’ ಅಂತ ಅವಳ ಹೆಸರಲ್ಲಿ ಓದಿದಾಗ, ಅಯ್ಯೋ, ಕೊನೆಗೂ ಹೇಳ್ಕೊಂಡ್ಳಲ್ಲ ಅನಿಸ್ತು. ಕಟ್ಟಿಬಿಟ್ಟೆ.”

“ಅವಳಿಗೆ ಯಾರ ಕಾಟ ಇತ್ತು?”

“ಕೆರೆ ಗುತ್ತಿಗೆ ಹಿಡಿದಿರೋ ಗಂಡ. ಕೆಸರಲ್ಲಿ ನಿಂತು ಮೀನು ಎಣಿಸ್ತಾ ಇದಾನೆ ನೋಡಿ ಈಗ್ಲೂ.”

ಕಿಟಕಿಯ ಗಾಜನ್ನು ಒರೆಸಿ ನೋಡಿದೆನು. ಬರಿದಾದ ಕೆರೆಯ ನಟ್ಟನಡುವೆ ಒಬ್ಬನು ಕದಲದೆ ನಿಂತಿದ್ದನು. ಮಂಜು ಅವನ ಸೊಂಟದಿಂದ ಕೆಳಗಿನ ದೇಹವನ್ನು ನುಂಗಿತ್ತು.

“ಈ ತಾಣಗಳನ್ನೆಲ್ಲ ನೋಡಿಕೊಳ್ಳೋರು ಯಾರು?” ಎಂದು ಕೇಳಿದೆನು.

“ಒಟ್ಟೊಕಾರ್ ಶಾಂಡ್ಲ್,” ಎಂದನು ಹಾರ್ಟ್‌ವಿಗ್. “ಅಂಚೆ ಕಚೇರಿಯಿಂದ ನಿವೃತ್ತಿಯಾದೋರು. ಹದಿನಾಲ್ಕು ತಿಂಗಳ ಹಿಂದೆ ಬೇರೆ ಕಡೆಯಿಂದ ಬಂದ್ರು. ಆ ಮನುಷ್ಯ ಉಸಿರು ಬಿಟ್ರೂ ಎರಡು ಪ್ರತಿ ತೆಗೆದು ಇಟ್ಕೋತಾರೆ.”

ಎರಡು ಪ್ರತಿ! ನಾನು ಊಟವನ್ನು ಅರ್ಧಕ್ಕೆ ಬಿಟ್ಟು ಎದ್ದೆನು.

\*

ಒಟ್ಟೊಕಾರ್ ಶಾಂಡ್ಲರ ಕಚೇರಿ ನೆಲಮಾಳಿಗೆಯಲ್ಲಿತ್ತು. ಒಂದು ಬದಿಗೆ ಚಳಿಗಾಲಕ್ಕೆಂದು ಕೂಡಿಟ್ಟ ಆಲೂಗಡ್ಡೆಯ ರಾಶಿ. ಇನ್ನೊಂದು ಬದಿಗೆ ಊರಿನ ನಲವತ್ತಮೂರು ಜಾಲತಾಣಗಳನ್ನು ಹೊಟ್ಟೆಯಲ್ಲಿಟ್ಟುಕೊಂಡು ಗುಂಯ್‌ಗುಡುತ್ತಿದ್ದ ಒಂದೇ ಒಂದು ಯಂತ್ರ. ಅದರ ಹಿಂದೆ, ನೆಲದಿಂದ ತಾರಸಿಯವರೆಗೆ, ಬೆನ್ನಿಗೆ ಚೀಟಿ ಅಂಟಿಸಿದ ಬೂದುಬಣ್ಣದ ಕಡತಗಳು.

“ಎಲ್ಲವನ್ನೂ ಅಳಿಸಿದರೆಂದು ಕೇಳಿದೆ,” ಎಂದೆನು.

“ಯಂತ್ರದಿಂದ ಅಳಿಸಿದೀನಿ. ತಜ್ಞರು ಯಂತ್ರದಿಂದ ಅಳಿಸಿ ಅಂದ್ರು. ಕಾಗದದ ವಿಷಯ ಅವರು ಎತ್ತಲಿಲ್ಲ.” ಅವರು ಕನ್ನಡಕವನ್ನು ಸರಿಪಡಿಸಿಕೊಂಡರು. “ನಾನು ಅಧಿಕಾರ ವಹಿಸಿಕೊಂಡ ದಿನ, ಹಿಂದಿನವರು ಏನೇನು ಬಿಟ್ಟು ಹೋದ್ರೋ ಎಲ್ಲಾ ಮುದ್ರಿಸಿ ಇಟ್ಟೆ. ಆಮೇಲೆ ಪ್ರತಿ ಸೋಮವಾರ. ನಾಳೆ ಯಾರಾದ್ರೂ ಕೇಳಿದ್ರೆ?”

“ನಾನು ಕೇಳ್ತಾ ಇದೀನಿ. ಪೊಲ್ಲಾವರ್ ಅವರ ತಾಣದ ಕಡತ ಕೊಡಿ.”

“ಕೊಡೋಕಾಗಲ್ಲ.”

“ಅಧಿಕಾರಪತ್ರ ಇದೆ.”

ಅವರು ಅದನ್ನು ದೀಪಕ್ಕೆ ಹಿಡಿದು ಎರಡು ಬಾರಿ ಓದಿದರು. “ಇದು ಪೊಲ್ಲಾವರ್ ಅವರ ಅಧಿಕಾರ. ಕಡತದಲ್ಲಿರೋದು ಬಂದುಹೋದವರ ವಿವರ. ಅವರ ಅನುಮತಿ ಎಲ್ಲಿ? ಕಾಗದದ ಮೇಲಿದ್ರೂ ಅದು ಅವರ ಸ್ವಂತ ವಿವರಾನೇ. ನೀವು ಪತ್ತೇದಾರರು, ನಿಮಗೆ ಕಾನೂನು ಹೇಳಿಕೊಡ್ಬೇಕಾ?”

“ಒಬ್ಬ ಹೆಂಗಸಿನ ಮಾನ ಹೋಗ್ತಾ ಇದೆ, ಶಾಂಡ್ಲ್ ಅವರೇ.”

“ಅದಕ್ಕೆ ಕಾನೂನಿನಲ್ಲಿ ಕಲಮು ಯಾವುದು?”

ಇಂಥವರ ಮುಂದೆ ಕೋಪ ಕೆಲಸಕ್ಕೆ ಬಾರದು. ನಾನು ಆಲೂಗಡ್ಡೆಯ ಚೀಲದ ಮೇಲೆ ಕುಳಿತು ಯೋಚಿಸಿದೆನು. ಬಂದವಳ ವಿವರವನ್ನು ಕೇಳುವ ಹಕ್ಕು ಬಂದವಳೊಬ್ಬಳಿಗೇ ಇದೆ. ನೋಟಿಸಿನ ಎರಡನೆಯ ಭಾಗದಲ್ಲಿ ಆಕೆ ಅದನ್ನು ಕೇಳಿಯೂ ಇದ್ದಾಳೆ.

“ಆ ನೋಟಿಸಿಗೆ ಪೊಲ್ಲಾವರ್ ಅವರ ಪರವಾಗಿ ಉತ್ತರ ಬರೆದವರು ಯಾರು?”

“ನಾನೇ. ಅವರು ಎಲ್ಲವನ್ನೂ ನನಗೆ ವಹಿಸಿದಾರೆ. ಇಪ್ಪತ್ತೊಂದು ದಿನದಲ್ಲಿ ಉತ್ತರ ಸಿದ್ಧ ಮಾಡಿದೆ. ಗಡುವಿಗೆ ಇನ್ನೂ ಒಂಬತ್ತು ದಿನ ಇತ್ತು!”

“ಪೊಲ್ಲಾವರ್ ಅವರ ಹೆಸರಿನಲ್ಲಿ ಹೋದ ಪತ್ರ ಪೊಲ್ಲಾವರ್ ಅವರದೇ. ಅವರ ಪತ್ರವನ್ನು ಅವರ ಪ್ರತಿನಿಧಿ ಓದಬಹುದು.”

ಶಾಂಡ್ಲ್ ತಮ್ಮ ಜೀವಮಾನದಲ್ಲಿ ಮೊದಲ ಬಾರಿಗೆ ಸರಿಸಮಾನನೊಬ್ಬನನ್ನು ಕಂಡವರಂತೆ ನಸುನಕ್ಕು, ಕಡತವೊಂದನ್ನು ಇಳಿಸಿದರು.

“ಅಂಚೆಯಲ್ಲಿ ಕಳಿಸಿದಿರಾ?”

“ಹೇಗೆ ಕಳಿಸ್ಲಿ? ಕೇಳಿದೋರು ಅವರೇನಾ ಅಂತ ಗೊತ್ತಾಗ್ಬೇಡ್ವಾ? ‘ಗುರುತಿನ ಚೀಟಿ ತೋರಿಸಿ’ ಅಂತ ವಕೀಲರಿಗೆ ಬರೆದೆ. ಹೋದ ಮಂಗಳವಾರ ಬಂದಿದ್ರು.”

“ಯಾರು? ವಕೀಲರಾ?”

“ಐಬೆನ್‌ಸ್ಟೈನರ್ ಅವರು. ನೀವು ಕೂತಿದೀರಲ್ಲ, ಅಲ್ಲೇ ಕೂತಿದ್ರು.”

ಯಂತ್ರದ ಗುಂಯ್ ಶಬ್ದವು ನನ್ನ ಕಿವಿಯೊಳಗೇ ಹುಟ್ಟಿ ಬಂದಂತಾಯಿತು. ನಾನು ಎದ್ದು ನಿಂತೆನು. ಅದು ಅಶಿಷ್ಟವೆಂದು ತಿಳಿದಿದ್ದರೂ, ಕುಳಿತಿದ್ದ ಚೀಲವನ್ನು ತಿರುಗಿ ನೋಡಿದೆನು.

“ನೋಡೋಕೆ ಹೇಗಿದ್ರು?”

“ತಲೆಗೆ ವಸ್ತ್ರ ಸುತ್ತಿದ್ರು. ಮಾತು ಕಡಿಮೆ. ಕೈಗವಸು ತೆಗೀಲಿಲ್ಲ. ಬೆಳಗ್ಗೆ ಹತ್ತಕ್ಕೆ ಬಂದು ಕಾಲು ಗಂಟೆ ಕೂತು ಹೋದ್ರು. ಚೀಟಿ ಅವರದೇ, ಚಿತ್ರಕ್ಕೂ ಮುಖಕ್ಕೂ ಹೋಲಿಕೆ ಇತ್ತು ಅಂತ ಅಂದ್ಕೊಂಡೆ.”

“ಅಂದ್ಕೊಂಡಿರಾ?”

“ಚೀಟಿ ನೀರಲ್ಲಿ ಬಿದ್ದ ಹಾಗೆ ಉಬ್ಬಿತ್ತು. ಅಲ್ಲದೆ, ಇಲ್ಲಿ ಬೆಳಕು ಕಡಿಮೆ.”

“ಈ ಹೆಂಗಸು ಸತ್ತು ಇಪ್ಪತ್ತು ತಿಂಗಳಾಯ್ತು ಅಂತ ನಿಮಗೆ ಅನ್ನಿಸಲಿಲ್ಲವೇ?”

“ನಾನು ಬರೋಕೆ ಮುಂಚಿನ ವಿಷಯ. ಮೇಲಾಗಿ, ಸತ್ತವರಿಗೆ ದತ್ತಾಂಶ ರಕ್ಷಣೆಯ ಹಕ್ಕಿಲ್ಲ. ಹಕ್ಕು ಕೇಳಿದಾರೆ ಅಂದ್ಮೇಲೆ ಬದುಕಿದಾರೆ ಅಂತಾನೇ ಅಲ್ವೇ?”

ನಾನು ಕೇಳಿದೆನು: “ಚೀಟಿಯ ಪ್ರತಿ ತೆಗೆದಿಟ್ಟಿರಾ?”

“ತೆಗೆಯದೆ ಇರ್ತೀನಾ?”

ಅವರು ಹಾಳೆಯನ್ನು ನನ್ನ ಮುಂದಿಟ್ಟರು. ಗುರುತಿನ ಚೀಟಿಯ ಅಚ್ಚುಕಟ್ಟಾದ ನಕಲು. ಹೆಸರಿದೆ, ಹುಟ್ಟಿದ ದಿನವಿದೆ. ರುಜುವಿನ ಮೇಲೆ ಕಪ್ಪು ಗೆರೆ. ಚೀಟಿಯ ಸಂಖ್ಯೆಯ ಮೇಲೆ ಕಪ್ಪು ಗೆರೆ. ಮುಖವಿರಬೇಕಾದ ಜಾಗದಲ್ಲಿ ಅಡಿಕೋಲು ಹಿಡಿದು ಬಳಿದ ಒಂದು ಕಪ್ಪು ಚೌಕ.

“ಮುಖ ಎಲ್ಲಿ?”

“ಅಗತ್ಯಕ್ಕಿಂತ ಹೆಚ್ಚಿನ ವಿವರ ಇಟ್ಕೊಳ್ಳೋ ಹಾಗಿಲ್ಲ,” ಎಂದರು ಶಾಂಡ್ಲ್. “ನೋಡಿ ಆಯ್ತು. ನೋಡಿದ್ಮೇಲೆ ಮುಖ ಯಾಕೆ?”

ನಾನು ಆ ಕಪ್ಪು ಚೌಕವನ್ನು ಎಷ್ಟು ಹೊತ್ತು ನೋಡುತ್ತಿದ್ದೆನೋ ಹೇಳಲಾರೆ. ದೃಷ್ಟಿ ನೆಟ್ಟಷ್ಟೂ ಅದರೊಳಗಿಂದ ಯಾರೋ ತಾಳ್ಮೆಯಿಂದ ನನ್ನನ್ನೇ ನೋಡುತ್ತಿರುವಂತೆ ತೋರಿತು. ಕೊನೆಗೆ ಪತ್ರವನ್ನು ಕೈಗೆತ್ತಿಕೊಂಡೆನು.

ಅದು ಚಿಕ್ಕದಾಗಿತ್ತು. ನೋಟಿಸಿನಲ್ಲಿ ಕಾಣಿಸಿದ ಗುರುತು ಸಂಖ್ಯೆಯನ್ನು ಪೊಲ್ಲಾವರ್ ಅವರ ತಾಣದ ಎಲ್ಲ ಕಡತಗಳಲ್ಲೂ ಹುಡುಕಲಾಗಿದೆಯೆಂದೂ, ಆ ಸಂಖ್ಯೆಯಿಂದ ಎರಡು ಭೇಟಿಗಳು ನಡೆದಿವೆಯೆಂದೂ ಶಾಂಡ್ಲ್ ಬರೆದಿದ್ದರು. ಎರಡನೆಯದು ಈ ವರ್ಷದ ಸೆಪ್ಟೆಂಬರ್ ಇಪ್ಪತ್ತೊಂದು. ಕಾಲಾವಧಿ ಎರಡು ಸೆಕೆಂಡು. ಎರಡೇ ಸೆಕೆಂಡಿನಲ್ಲಿ ಮನುಷ್ಯರು ಏನನ್ನೂ ಓದಲಾರರು. ಊರಿನ ತಾಣಗಳನ್ನೆಲ್ಲ ತಟ್ಟಿ ಹೋಗುವಂತೆ ಯಾವುದೋ ಯಂತ್ರಕ್ಕೆ ಅಪ್ಪಣೆ ಕೊಟ್ಟಿದ್ದರೆಂಬುದು ಸ್ಪಷ್ಟ.

ಮೊದಲನೆಯ ಭೇಟಿ ಅಂಥದ್ದಲ್ಲ. ಬೆಳಿಗ್ಗೆ ಹತ್ತು ಇಪ್ಪತ್ತರಿಂದ ಹನ್ನೊಂದು ಒಂದರವರೆಗೆ, ನಲವತ್ತೊಂದು ನಿಮಿಷ, ಯಾರೋ ನೊಟ್‌ಬುರ್ಗಾಳ ಮರಣ ಪ್ರಕಟಣೆಯ ಮುಂದೆ ಕುಳಿತಿದ್ದರು. ತಾರೀಖು, ಕಳೆದ ವರ್ಷದ ಮಾರ್ಚ್ ಒಂಬತ್ತು.

“ಇದು ತಪ್ಪಿರಬೇಕು,” ಎಂದೆನು. “ಹೆಣ ಸಿಕ್ಕಿದ್ದು ಹನ್ನೆರಡನೇ ತಾರೀಖು.”

“ನನ್ನ ಕಾಗದದಲ್ಲಿ ತಪ್ಪಿರಲ್ಲ.”

“ಸಾಯೋಕೆ ಮೂರು ದಿನ ಮುಂಚೆ ಮರಣ ಪ್ರಕಟಣೆ ಹೇಗೆ ಬಂತು? ಬರೆದವರು ಯಾರು?”

“ಆ ಪುಟಗಳನ್ನ ಬರೆಯೋ ಕೀಲಿ ಪೊಲ್ಲಾವರ್ ಅವರೊಬ್ಬರ ಹತ್ರಾನೇ ಇರೋದು,” ಎಂದರು ಶಾಂಡ್ಲ್, ಹವಾಮಾನದ ಸುದ್ದಿಯನ್ನು ಹೇಳುವಂತೆ.

“ಈ ಸಂಖ್ಯೆ ಯಾರದು? ಅದನ್ನಾದರೂ ಹೇಳಬಹುದೇ?”

“ಹೇಳ್ಬಹುದು. ಸಂಸ್ಥೆಗಳಿಗೆ ಖಾಸಗಿ ಬದುಕು ಇಲ್ಲ. ಗಡಿ ದಾಟಿ ಒಂದು ಗಂಟೆ ದಾರಿ. ಕೀಲುನೋವಿನೋರಿಗೆ ಜೌಗು ಮಣ್ಣಿನ ಸ್ನಾನ ಮಾಡಿಸೋ ಒಂದು ಆರೋಗ್ಯಧಾಮ.” ಅವರು ಕಡತವನ್ನು ಮುಚ್ಚಿ, ಸ್ವಸ್ಥಾನದಲ್ಲಿಟ್ಟು, ಫೋನನ್ನು ಕೈಗೆತ್ತಿಕೊಂಡರು. “ಇನ್ನು ನೀವು ಹೊರಡಿ. ಪೊಲ್ಲಾವರ್ ಅವರಿಗೆ ಎಲ್ಲಾ ತಿಳಿಸ್ಬೇಕು. ಐಬೆನ್‌ಸ್ಟೈನರ್ ಅವರು ಬಂದುಹೋದದ್ದೂ ಹೇಳಿಲ್ಲ. ಅದನ್ನ ತಿಂಗಳ ಕೊನೆಯ ವರದಿಯಲ್ಲಿ ಹಾಕೋದು ಅಂತ ಇಟ್ಕೊಂಡಿದ್ದೆ.”

\*

ಗಡಿಯ ಕಡೆಗೆ ಹೋಗುವ ಬಸ್ಸು ಮೂರು ಗಂಟೆ ಹತ್ತು ನಿಮಿಷಕ್ಕೆ. ಹೋಟೆಲಿನ ಕೋಣೆಯಲ್ಲಿ ನಾನು ಅಂಗಿಗಳನ್ನು ಮಡಿಸುತ್ತಿರುವಾಗ ಬಾಗಿಲು ತಟ್ಟದೆಯೇ ಕ್ರೆಸೆನ್ಸಿಯಾ ಒಳಗೆ ಬಂದರು. ಓಡುತ್ತ ಬಂದಿದ್ದರು. ಕೋಟಿನ ಗುಂಡಿಗಳು ಅಡ್ಡಾದಿಡ್ಡಿಯಾಗಿದ್ದವು. ಆಕೆ ನಗುತ್ತಿದ್ದುದನ್ನು ನಾನು ಅದೇ ಮೊದಲು ಕಂಡದ್ದು.

“ಕಟ್ಟಿಬಿಟ್ಟೆ!” ಎಂದರು.

“ಏನನ್ನ?”

“ನೂರ ಎಂಬತ್ತು ಯೂರೋ. ಈಗ ತಾನೇ, ಬ್ಯಾಂಕಿಗೆ ಹೋಗಿ. ಶಾಂಡ್ಲ್ ಫೋನ್ ಮಾಡಿದ್ರು. ಅವಳು ಬಂದಿದ್ಲಂತೆ! ಕಾಲು ಗಂಟೆ ಕೂತಿದ್ಲಂತೆ! ಬದುಕಿದಾಳೆ, ಲಾಂಪ್ರೆಖ್ಟ್ ಅವರೇ. ಬದುಕಿರೋಳಿಗೆ ಕಳವಳ ಆಗಿದ್ರೆ ನಾನು ಕೊಡದೆ ಇನ್ನ್ಯಾರು ಕೊಡ್ಬೇಕು?”

“ಹಾಗಾದರೆ ಮಾರ್ಚ್ ಒಂಬತ್ತರಂದು ಪ್ರಕಟಣೆ ಬರೆದದ್ದು ನೀವು.”

“ನಾನೇ.” ಆಕೆ ಹಾಸಿಗೆಯ ಅಂಚಿನಲ್ಲಿ ಕುಳಿತರು. “ಅವಳು ಆ ಗಂಡನ ಕೈಯಿಂದ ತಪ್ಪಿಸ್ಕೋಬೇಕಿತ್ತು. ಓಡಿ ಹೋದ್ರೆ ಹುಡುಕ್ತಾನೆ. ಸತ್ತ್ರೆ ಹುಡುಕಲ್ಲ. ಎಂಟನೇ ತಾರೀಖು ಅವಳನ್ನ ಗಡಿ ದಾಟಿಸಿ, ಆ ಆರೋಗ್ಯಧಾಮದ ಅಡುಗೆಮನೇಲಿ ಕೆಲಸಕ್ಕೆ ಸೇರಿಸಿ ಬಂದೆ. ಅವಳು ಕೇಳಿದ್ದು ಒಂದೇ. ‘ನನ್ನ ಬಗ್ಗೆ ಏನು ಬರೀತೀಯ, ಮೊದ್ಲು ನ‌ನಗೆ ತೋರ್ಸು’ ಅಂತ. ಬರೆದು ತಾಣಕ್ಕೆ ಹಾಕ್ದೆ. ತಾರೀಖಿನ ಜಾಗ ಖಾಲಿ ಬಿಟ್ಟಿದ್ದೆ.”

“ನಲವತ್ತೊಂದು ನಿಮಿಷ ಓದಿದಳು.”

“ಅಷ್ಟು ಹೊತ್ತಾ?” ಆಕೆಯ ಕಣ್ಣು ತುಂಬಿತು. “ಪಾಪ, ಅವಳ ಬಗ್ಗೆ ಯಾರೂ ಅಷ್ಟು ಒಳ್ಳೇದು ಬರೆದೇ ಇರ್ಲಿಲ್ಲ.”

“ಆಮೇಲೆ?”

“ಹತ್ತನೇ ತಾರೀಖು ಅವಳ ಕೋಟನ್ನ ದೊಡ್ಡಕೆರೆ ದಡದ ಮೇಲೆ ಇಟ್ಟು ಬಂದೆ. ಹಿಮ ಬಿರುಕು ಬಿಟ್ಟಿತ್ತು. ನೋಡಿದೋರು ಮುಳುಗಿದ್ಲು ಅಂದ್ಕೋತಾರೆ. ಹೆಣ ಸಿಗದಿದ್ರೂ ಪ್ರಾರ್ಥನೆ ಮಾಡ್ತಾರೆ, ನಾನು ಪ್ರಕಟಣೆ ಹಾಕ್ತೀನಿ. ಮುಗೀತು. ಅಷ್ಟೇ ಇದ್ದದ್ದು ನಮ್ಮ ಲೆಕ್ಕ.” ಆಕೆ ತಮ್ಮ ಅಂಗೈಗಳನ್ನು ನೋಡಿಕೊಂಡರು. “ನಾನು ಇಟ್ಟದ್ದು ಬರೀ ಕೋಟು. ಹನ್ನೆರಡಕ್ಕೆ ಅದು ನೀರಿಂದ ಎದ್ದು ಬಂದಾಗ ಒಳಗೆ ಒಬ್ಬಳಿದ್ಲು.”

ಕೆಳಗೆ ಊಟದ ಮನೆಯಲ್ಲಿ ತಟ್ಟೆಗಳ ಸದ್ದು ಕೇಳಿಸುತ್ತಿತ್ತು.

“ಯಾರು?”

“ಗೊತ್ತಿದ್ದಿದ್ರೆ ಅವರ ಹೆಸರೇ ಬರೀತಿದ್ದೆ. ಮುಖ ಅಂತ ಏನೂ ಇರ್ಲಿಲ್ಲ. ಎತ್ತರ, ಮೈಕಟ್ಟು ಎಲ್ಲಾ ನೊಟ್‌ಬುರ್ಗಾದೇ. ಕೋಟು ವಾಪಸ್ ತಗೊಳ್ಳೋಕೆ ಅವಳೇ ಬಂದು ಬಿದ್ಲಾ? ನಮ್ಮಿಬ್ಬರ ಮಧ್ಯೆ ಮತ್ತೆ ಒಂದು ಮಾತೂ ಇರಬಾರದು ಅಂತ ಒಪ್ಪಂದ. ಅಲ್ಲಿಗೆ ಹೋಗಿ ನೋಡೋ ಧೈರ್ಯ ಬರ್ಲಿಲ್ಲ. ‘ಹೌದು, ಇವಳೇ’ ಅಂತ ಡಾಕ್ಟರಿಗೆ ಹೇಳ್ದೆ. ಮೊಳೆ ಹೊಡೆದೆ. ಇಪ್ಪತ್ತು ತಿಂಗಳು, ಲಾಂಪ್ರೆಖ್ಟ್ ಅವರೇ, ನನ್ನ ಗೆಳತೀನ ನಾನೇ ಕೊಂದ್ನಾ ಅಂತ ಕೇಳ್ಕೊಂಡಿದೀನಿ. ಇವತ್ತು ಉತ್ತರ ಸಿಕ್ತು. ಅಂಗಡಿ ಹೋದ್ರೆ ಹೋಗ್ಲಿ. ಅವಳು ಬದುಕಿದಾಳೆ. ಶಾಂಡ್ಲ್ ಕಣ್ಣಾರೆ ನೋಡಿದಾರೆ, ಚೀಟಿ ನೋಡಿದಾರೆ.”

ಆಕೆಯ ಆ ನಗುವನ್ನು ಅಲ್ಲಿಯೇ ಬಿಟ್ಟು ಬಸ್ಸು ಹತ್ತುವುದು ನನ್ನಿಂದ ಸಾಧ್ಯವಿತ್ತು. ಆದರೆ ಸುಳ್ಳು ಸಮಾಧಾನಕ್ಕೆ ನಾನು ಸಂಬಳ ಪಡೆಯುವವನಲ್ಲ.

“ಶಾಂಡ್ಲ್ ಅವರು ನೊಟ್‌ಬುರ್ಗಾಳನ್ನು ಈ ಮೊದಲು ನೋಡಿಯೇ ಇರಲಿಲ್ಲ,” ಎಂದೆನು. “ಬಂದವಳು ಕೈಗವಸು ತೆಗೆಯಲಿಲ್ಲ. ಬೆಳಕು ಸಾಲದಾಗಿತ್ತು. ಚೀಟಿಯ ನಕಲಿನಲ್ಲಿ ಮುಖದ ಮೇಲೆ ಅವರು ಮಸಿ ಬಳಿದಿದ್ದಾರೆ.”

“ಆದ್ರೆ ಚೀಟಿ? ಚೀಟಿ ಅವಳದೇ ತಾನೆ?”

“ಚೀಟಿ ಅವಳದೇ. ನೀರಲ್ಲಿ ಬಿದ್ದ ಹಾಗೆ ಉಬ್ಬಿತ್ತಂತೆ.”

ಕ್ರೆಸೆನ್ಸಿಯಾ ಎದ್ದು ನಿಲ್ಲಲು ಹೋಗಿ, ಮಂಚದ ಕಂಬವನ್ನು ಹಿಡಿದುಕೊಂಡರು.

“ಏನಾಯ್ತು?”

“ಆ ಚೀಟಿ,” ಎಂದರು. “ಕೋಟು ಯಾರದು ಅಂತ ಗೊತ್ತಾಗ್ಲಿ ಅಂತ ಅದನ್ನ ಕೋಟಿನ ಒಳಜೇಬಲ್ಲಿಟ್ಟು ಗುಂಡಿ ಹಾಕಿದ್ದೆ. ಹೆಣ ತಂದಾಗ ಮೊದ್ಲು ನೋಡಿದ್ದೇ ಜೇಬನ್ನ. ಗುಂಡಿ ಹಾಕಿದ ಹಾಗೇ ಇತ್ತು. ಒಳಗೆ ಏನೂ ಇರ್ಲಿಲ್ಲ.”

ಹರಿದುಹೋದ ಜೇಬಿನಿಂದ ಚೀಟಿ ನೀರುಪಾಲಾಗಬಹುದು. ಹಾಕಿದ ಗುಂಡಿಯನ್ನು ಬಿಚ್ಚಿ, ಚೀಟಿ ತೆಗೆದು, ಗುಂಡಿಯನ್ನು ಮರಳಿ ಹಾಕುವುದು ನೀರಿನ ಕೆಲಸವಲ್ಲ. ಹೋದ ಮಂಗಳವಾರ ನೆಲಮಾಳಿಗೆಯಲ್ಲಿ ಕಾಲು ಗಂಟೆ ಕುಳಿತು ಹೋದವಳು, ಆ ಕೋಟನ್ನು ಇನ್ನೊಬ್ಬಳ ಮೈಗೆ ತೊಡಿಸಿದವಳಾಗಿರಬಹುದು. ಅಥವಾ, ದೇವರು ದೊಡ್ಡವನು, ತನ್ನ ಚೀಟಿಯನ್ನು ತಾನೇ ಮರಳಿ ಪಡೆದ ನೊಟ್‌ಬುರ್ಗಾಳೂ ಆಗಿರಬಹುದು. ಹಾಗಿದ್ದ ಪಕ್ಷದಲ್ಲಿ ಕೆರೆಯ ದಡದಲ್ಲಿ ಅವಳು ಮಾಡಿದ್ದೇನೆಂಬುದನ್ನು ಯೋಚಿಸಲು ನನಗೆ ಮನಸ್ಸಾಗಲಿಲ್ಲ.

“ನೋಟಿಸಿನಲ್ಲಿದ್ದ ಗುರುತು ಸಂಖ್ಯೆ ಆ ಆರೋಗ್ಯಧಾಮದ್ದು,” ಎಂದೆನು. “ಅಲ್ಲಿಗೆ ಹೋಗ್ತಾ ಇದೀನಿ. ಅಲ್ಲಿ ಆ ಹೆಸರು ಹೊತ್ತವಳೊಬ್ಬಳು ಇದ್ದರೆ, ಅವಳು ನಿಮ್ಮ ಗೆಳತಿ ಹೌದೋ ಅಲ್ಲವೋ ಎಂಬುದು ನನಗೆ ಹೇಗೆ ತಿಳಿಯಬೇಕು?”

ಆಕೆ ಮಂಚದ ಕಂಬವನ್ನು ಬಿಟ್ಟು ಹೇಳಿದರು:

“ಪ್ರಕಟಣೆ ಓದಿದ್ಮೇಲೆ ಅವಳು ಅಲ್ಲಿಂದ ಫೋನ್ ಮಾಡಿದ್ಲು. ಒಂದೇ ಒಂದು ಪದ ತೆಗೀಬೇಕು ಅಂದ್ಲು. ತೆಗೆದೆ. ಆ ಪದ ಯಾವುದು ಅಂತ ನಮ್ಮಿಬ್ಬರಿಗೆ ಬಿಟ್ರೆ ಯಾರಿಗೂ ಗೊತ್ತಿಲ್ಲ. ಕೇಳಿ ನೋಡಿ. ಹೇಳಿದ್ರೆ ಅವಳೇ. ನಾನು ನಾಳೆಯೇ ಪೊಲೀಸರ ಹತ್ರ ಹೋಗಿ ಎಲ್ಲಾ ಒಪ್ಕೋತೀನಿ, ನಗ್ತಾ ಒಪ್ಕೋತೀನಿ.”

“ಹೇಳದಿದ್ದರೆ?”

“ಹೇಳದಿದ್ರೆ ನೊಟ್‌ಬುರ್ಗಾ ಇಲ್ಲೇ ಮಲಗಿದಾಳೆ, ನಾನು ಹೊಡೆದ ಮೊಳೆಗಳ ಕೆಳಗೆ.” ಅವರು ನನ್ನ ತೋಳನ್ನು ಹಿಡಿದರು. “ಆಗ ಅಲ್ಲಿ ಕೂರ್ಬೇಡಿ. ಅವಳು ಕೊಟ್ಟದ್ದನ್ನ ಕುಡೀಬೇಡಿ. ಸುಮ್ನೆ ಎದ್ದು ಬನ್ನಿ.”

ಬಳಿಕ ನನ್ನ ಕಿವಿಯ ಬಳಿ ಬಾಗಿ ಆ ಪದವನ್ನು ಹೇಳಿದರು.

ವಾಚಕ ಮಹಾಶಯರೇ, ಅದನ್ನು ಇಲ್ಲಿ ಬರೆಯಲಾರೆ. ವಾರವಾರವೂ ಅಚ್ಚಾಗುವ ಈ ಪುಟಗಳನ್ನು ಗಡಿಯ ಆಚೆಯಲ್ಲಿಯೂ ಒಬ್ಬಳು ಓದುತ್ತಿರಬಹುದು.

ನಾನು ಕೊನೆಯ ಅಂಗಿಯನ್ನು ಮಡಿಸದೆಯೇ ತುರುಕಿ, ಸೂಟ್‌ಕೇಸಿನ ಎರಡು ಚಿಲಕಗಳನ್ನೂ ಹಾಕಿ, ಹ್ಯಾಟು ತೊಟ್ಟು, ಮಂಜಿನೊಳಗೆ ಇಳಿದು ಹೊರಟೆನು.